ಮಧುನಾಶಿನಿ ಮತ್ತು ನಮ್ಮ ಓನರ್ ಆಂಟಿ

ಹೋದ ವಾರ ನಮ್ಮ ಲ್ಯಾಬಿಗೆ ಒಣ ಎಲೆಯ ಮೂಟೆಗಳು ಬಂದವು. ಮಧುನಾಶಿನಿ ಎಲೆ. ಒಂದು ಮೂಟೆಯ ಹೊಲಿಗೆ ಬಿಚ್ಚಿ ಕೈ ಹಾಕಿದ ಕೂಡಲೇ ವಾಸನೆ ಎದ್ದು ಬಂತು. ಹಳೆಯ ಹುಲ್ಲಿನ ಬಣವೆಯ ವಾಸನೆ, ಅದರ ಜೊತೆಗೆ ಸ್ವಲ್ಪ ಕಹಿ, ತಳದಲ್ಲೆಲ್ಲೋ ಗೋಣಿಯ ಘಾಟು. ಎಲೆ, ಬೇರು, ತೊಗಟೆಗಳನ್ನು ಮೂಸಿ ನೋಡುವುದು ನನ್ನ ಕೆಲಸದ ಒಂದು ಭಾಗ. ಯಾವ ವಾಸನೆಯೂ ಈಗ ನನ್ನನ್ನು ಹಿಡಿದು ನಿಲ್ಲಿಸುವುದಿಲ್ಲ. ಅವತ್ತು ಮಾತ್ರ ಮೂಟೆಯ ಮುಂದೆ ಕುಕ್ಕರಗಾಲಲ್ಲಿ ಕೂತವಳು ಬಹಳ ಹೊತ್ತು ಏಳಲಿಲ್ಲ. ಮೊಸಾಯಿಕ್ ನೆಲದ ಒಂದು ನಡುಮನೆ, ಗೋಡೆಗೆ ಒರಗಿ ಸಾಲಾಗಿ ಕೂತ ಭಜನೆ ಮಂಡಳಿಯ ಹೆಂಗಸರು, ಅವರ ಮಧ್ಯೆ ಮೈಸೂರುಪಾಕಿನ ತಟ್ಟೆ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ನಿಂತ ಒಬ್ಬಾಕೆ...

ನಮ್ಮ ಓನರ್ ಆಂಟಿ.

ಎಂ.ಎಸ್ಸಿ. ಮುಗಿಸಿ ಪೀಣ್ಯದ ಒಂದು ಸಣ್ಣ ಲ್ಯಾಬಿಗೆ ಸೇರಿದಾಗ ನಾನು ಬಾಡಿಗೆಗೆ ಹಿಡಿದದ್ದು ಲಗ್ಗೆರೆಯ ಕಡೆ, ಅವರ ಮನೆಯ ಮಹಡಿಯ ಮೇಲಿನ ಒಂದು ರೂಮು. ಕೆಳಗೆ ಆಂಟಿ ಮತ್ತು ಅಂಕಲ್, ಮಗಳು ಮದುವೆಯಾಗಿ ಹೋಗಿದ್ದಳು. ಅಂಕಲ್ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು, ಮಾತು ಕಡಿಮೆ. ಆ ಮನೆಯ ಮಾತನ್ನೆಲ್ಲ ಆಂಟಿಯೇ ವಹಿಸಿಕೊಂಡಿದ್ದರು. ಮನೆ ಓನರ್ ಎಂದರೆ ನೀರಿನ ಟ್ಯಾಂಕು, ಗೇಟಿನ ಬೀಗ, ಗೆಳತಿಯರು ಬಂದರೆ ಕೇಳುವ ಪ್ರಶ್ನೆ, ಇಷ್ಟನ್ನೇ ನಿರೀಕ್ಷಿಸಿದ್ದವಳಿಗೆ ಅವರು ಕೇಳಿದ ಮೊದಲ ಪ್ರಶ್ನೆ ಬೇರೆಯೇ ಇತ್ತು.

"ಏನೇ, ಇವತ್ತು ಏನ್ ಅರೆದ್ರಿ ನಿಮ್ ಲ್ಯಾಬಲ್ಲಿ?"

ಗಿಡಮೂಲಿಕೆಯ ಲ್ಯಾಬು ಎಂದರೆ ನಾವೆಲ್ಲ ಬಿಳಿ ಕೋಟು ಹಾಕಿಕೊಂಡು ಒರಳಲ್ಲಿ ಸೊಪ್ಪು ಅರೆಯುತ್ತೇವೆ ಎಂದು ಅವರು ತಿಳಿದಿದ್ದರು. ನಾನು ಅವರ ಮೆಟ್ಟಿಲ ಮೇಲೆ ಕೂತು ವಿವರಿಸಿದೆ. ಎಲೆಯ ಸತ್ವವನ್ನು ನೀರಲ್ಲೋ ಆಲ್ಕೋಹಾಲಿನಲ್ಲೋ ಇಳಿಸಿ ತೆಗೆಯುತ್ತೇವೆ, ಮೇದೋಜೀರಕ ಗ್ರಂಥಿಯ ಜೀವಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸುತ್ತೇವೆ, ಆ ಸತ್ವವನ್ನು ಅವುಗಳ ಮೇಲೆ ಹಾಕಿದರೆ ಎಷ್ಟು ಇನ್ಸುಲಿನ್ ಸುರಿಸುತ್ತವೆ ಎಂದು ಅಳೆಯುತ್ತೇವೆ ಎಂದೆ. ಜೀವಕೋಶಗಳಿಗೆ ಹೊತ್ತುಹೊತ್ತಿಗೆ ಊಟ ಕೊಡಬೇಕು, ಭಾನುವಾರವೆಂದು ಬಿಟ್ಟರೆ ಸಾಯುತ್ತವೆ ಎಂದಾಗ ಆಂಟಿ ಬೆರಗಾಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅಂದಿನಿಂದ ಭಾನುವಾರ ನಾನು ತಡವಾಗಿ ಎದ್ದರೆ ಕೆಳಗಿನಿಂದಲೇ ಕೂಗು ಬರುತ್ತಿತ್ತು. "ಏಳೇ! ನಿನ್ ಜೀವಕೋಶ ಹಸ್ಕೊಂಡಿರ್ತಾವೆ, ನೀನ್ ಮಲ್ಕೊಂಡಿದೀಯ!"

ಆಂಟಿಗೆ ಸಕ್ಕರೆ ಕಾಯಿಲೆ. ಬಹಳ ವರ್ಷಗಳದ್ದು. ಹಾಗಾಗಿ ಮಧುನಾಶಿನಿಯ ಹೆಸರೆತ್ತಿದರೆ ಅವರ ಕಿವಿ ನೆಟ್ಟಗಾಗುತ್ತಿತ್ತು. ನಮ್ಮ ಲ್ಯಾಬಿನ ಕಾಂಪೌಂಡಿನ ಮೇಲೆ ಅದರ ಬಳ್ಳಿ ಹಬ್ಬಿತ್ತು. ಒಂದು ಶುಕ್ರವಾರ ಒಂದು ಹಿಡಿ ಹಸಿ ಎಲೆ ಕಿತ್ತು ತಂದೆ. ಅವರ ಮನೆಯಲ್ಲಿ ಭಜನೆ ಮುಗಿದು ಹೆಂಗಸರೆಲ್ಲ ಪ್ರಸಾದಕ್ಕೆ ಕಾಯುತ್ತಿದ್ದರು. ಎಲೆ ತೊಳೆದು ಎಲ್ಲರ ಕೈಗೂ ಒಂದೊಂದು ಕೊಟ್ಟು, ಚೆನ್ನಾಗಿ ಅಗಿದು ನಾಲಿಗೆಗೆಲ್ಲ ಸವರಿಕೊಂಡು ಉಗಿಯಿರಿ, ಆಮೇಲೆ ಸಿಹಿ ತಿನ್ನಿ ಎಂದೆ.

ಮೊದಲು ಸಕ್ಕರೆ ಬಾಯಿಗೆ ಹಾಕಿಕೊಂಡವರು ಆಂಟಿ. ಒಮ್ಮೆ ಚಪ್ಪರಿಸಿ, "ಅಯ್ಯೋ, ಮರಳು ಕಣ್ರೇ! ಬರೀ ಮರಳು!" ಎಂದು ಕಿರುಚಿದರು. ಆಮೇಲೆ ನಡೆದದ್ದು ಜಾತ್ರೆ. ಮೈಸೂರುಪಾಕು ತುಪ್ಪ ಸವರಿದ ಜೇಡಿಮಣ್ಣಾಗಿತ್ತು, ಕಲ್ಲುಸಕ್ಕರೆ ಬೆಣಚುಕಲ್ಲಾಗಿತ್ತು. ಒಬ್ಬರು ನಂಬದೆ ಬಾಳೆಹಣ್ಣು ಸುಲಿದು ತಿಂದು, ಹಣ್ಣನ್ನೇ ಅನುಮಾನದಿಂದ ತಿರುಗಿಸಿ ನೋಡಿದರು. ವಯಸ್ಸಾದ ಒಬ್ಬರು ಮಾತ್ರ ರುಚಿ ಇನ್ನು ಯಾವತ್ತೂ ಬರುವುದಿಲ್ಲವೇನೋ ಎಂದು ಹೆದರಿ ಅಳುವುದಕ್ಕೇ ಶುರು ಮಾಡಿದರು. ಇನ್ನೊಂದು ಗಳಿಗೆಯಲ್ಲಿ ಬರುತ್ತದೆ ಅಜ್ಜಿ, ಈ ಎಲೆ ನಾಲಿಗೆಯ ಸಿಹಿ ಬಾಗಿಲನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ ಅಷ್ಟೆ ಎಂದು ನಾನು ಸಮಾಧಾನ ಹೇಳುತ್ತಿದ್ದರೆ, ಆಂಟಿ ತಟ್ಟೆ ಹಿಡಿದು "ಇನ್ನೊಂದ್ ತಗೊಳ್ಳಿ, ಇವತ್ತು ಯಾರೂ ಬೇಡ ಅನ್ನಂಗಿಲ್ಲ" ಎಂದು ಬಡಿಸುತ್ತಲೇ ಇದ್ದರು.

ಆಂಟಿಗೆ ಒಬ್ಬ ತಮ್ಮ. ತಾಯಿ ಬೇಗ ಹೋದದ್ದರಿಂದ ಆಂಟಿಯೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಆ ತಮ್ಮ ಕೆಲಸ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿದ ಮೇಲೆ ಅದೂ ಇದೂ ಮಾಡಿ, ಯಾವುದೂ ಕೈಹತ್ತದೆ, ಕೊನೆಗೆ ತಾವಿದ್ದ ಮನೆಯ ಹಿಂದಿನ ಶೆಡ್ಡಿನಲ್ಲಿ ಸಕ್ಕರೆ ಕಾಯಿಲೆಯ ಪುಡಿ ಪ್ಯಾಕ್ ಮಾಡಿ ಮಾರಲು ಶುರು ಮಾಡಿದ್ದರು. ಮಧುನಾಶಿನಿ, ನೇರಳೆ ಬೀಜ, ಮೆಂತ್ಯ, ಅಮೃತಬಳ್ಳಿ. ಯಾರೋ ವ್ಯಾಪಾರಿಯ ಹತ್ತಿರ ಪುಡಿ ತಂದು ಡಬ್ಬಿಗೆ ತುಂಬುವುದು ಅವರ ಕೆಲಸ. ಆಂಟಿ ಆಸ್ಪತ್ರೆಯ ಮಾತ್ರೆ ಬಿಟ್ಟು ಅದನ್ನು ತಿನ್ನತೊಡಗಿದರು. ಸಕ್ಕರೆ ಸರ್ರನೆ ಇಳಿಯಿತು. ತಮ್ಮ ಕೊನೆಗೂ ಒಂದು ದಡ ಸೇರಿದ ಎನ್ನುವ ಸಂತೋಷ ಒಂದು ಕಡೆ, ಸಕ್ಕರೆ ಇಳಿದ ಸಂತೋಷ ಇನ್ನೊಂದು ಕಡೆ. ಭಜನೆ ಮಂಡಳಿಯಲ್ಲಿ ಸಕ್ಕರೆ ಕಾಯಿಲೆ ಇದ್ದವರ ಮನೆಯಲ್ಲೆಲ್ಲ ಆ ಡಬ್ಬಿ ಬಂದು ಕೂತಿತು.

ಒಂದು ಬೆಳಿಗ್ಗೆ ಆಂಟಿ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದವರು ಹಾಗೇ ಕುಸಿದರು. ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು, ನಾನು ಯಾರೆಂದೂ ಗುರುತು ಸಿಗಲಿಲ್ಲ. ಅಂಕಲ್ ಓಡಿ ಬಂದು ಸಕ್ಕರೆ ನೀರು ಕುಡಿಸಿದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದ ಆಂಟಿ ನನ್ನ ಕೈ ಹಿಡಿದು ಹೇಳಿದ್ದು ಇದು: "ನೋಡಿದ್ಯೇನೇ, ನನ್ ತಮ್ಮನ ಪುಡಿ ಎಷ್ಟು ಪವರ್ರು!"

ಅಂಕಲ್ಲಿಗೆ ಬಂದ ಕೋಪ ಅವರ ಮುಖದಲ್ಲಷ್ಟೇ ಕಂಡಿತು. ಆಂಟಿ ಅದನ್ನು ಲೆಕ್ಕಿಸದೆ ಮಾರನೆಯ ದಿನವೇ ಒಂದು ಡಬ್ಬಿ ತಂದು ನನ್ನ ಕೈಗಿಟ್ಟರು. ನಿಮ್ಮ ಲ್ಯಾಬಲ್ಲಿ ಇದನ್ನೂ ಒಂದು ಕೈ ನೋಡಿ, ನಿಮ್ಮ ಸರ್ ಬಾಯಲ್ಲಿ ಒಂದು ಮಾತು ಬಂದರೆ ಅವನ ಬದುಕು ನೆಟ್ಟಗಾಗುತ್ತದೆ ಎಂದರು. ಲ್ಯಾಬಿನ ಮುಖ್ಯಸ್ಥರಾದ ನಮ್ಮ ಸರ್ ಹೊರಗಿನ ಪುಡಿಗಳನ್ನು ಮುಟ್ಟುವವರಲ್ಲ. ಆದರೆ ಸಕ್ಕರೆ ಅಷ್ಟು ಬೇಗ ಇಳಿದದ್ದು, ಆಂಟಿ ಕುಸಿದದ್ದು ಎರಡನ್ನೂ ಕೇಳಿ, "ತಗೊಂಡ್ ಬಾರಮ್ಮ, ನೋಡೇ ಬಿಡೋಣ" ಎಂದರು.

ಆ ಮೊದಲ ಫಲಿತಾಂಶ ಬಂದ ಮಧ್ಯಾಹ್ನ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನಮ್ಮ ಸ್ವಂತ ಮಧುನಾಶಿನಿ ಸತ್ವ ಹಾಕಿದ ಜೀವಕೋಶಗಳು ಅದುವರೆಗೆ ಕೊಟ್ಟಿದ್ದು ಅಷ್ಟಿಷ್ಟು ಏರಿಕೆ. ಆಂಟಿಯ ಪುಡಿಯ ಸತ್ವ ಹಾಕಿದ ತಟ್ಟೆಯಲ್ಲಿ ಇನ್ಸುಲಿನ್ ಉಕ್ಕಿ ಹರಿದಿತ್ತು. ನಾನು ತಪ್ಪಿ ಅಳತೆ ಹೆಚ್ಚು ಹಾಕಿದೆನೇನೋ ಎಂದು ಮತ್ತೆ ಮಾಡಿದೆ. ಮತ್ತೆ ಅಷ್ಟೇ. ಸರ್ ಕುರ್ಚಿಯಿಂದ ಎದ್ದು ನನ್ನ ಹಿಂದೆ ಬಂದು ನಿಂತರು. ನೇರಳೆ ಬೀಜವೂ ಮಧುನಾಶಿನಿಯೂ ಒಟ್ಟಿಗೆ ಸೇರಿದಾಗ ಯಾರೂ ಕಾಣದ ಏನೋ ಒಂದು ಆಗುತ್ತಿದೆಯೇ? ಲ್ಯಾಬಿನಲ್ಲಿ ಅವತ್ತು ಯಾರೂ ಊಟದ ಡಬ್ಬಿ ಬಿಚ್ಚಲಿಲ್ಲ. ಪಕ್ಕದ ಶೆಡ್ಡಿನ ಲೇತ್ ಮಿಷನ್ನುಗಳ ಕಿರಿಚಾಟವೂ ನನಗೆ ಓಲಗದ ಹಾಗೆ ಕೇಳಿಸುತ್ತಿತ್ತು. ಸಂಜೆ ಬಸ್ಸಿಳಿದವಳು ಮನೆಯವರೆಗೂ ಓಡಿದೆ. ಸುದ್ದಿ ಕೇಳಿ ಆಂಟಿ ನನ್ನನ್ನು ಎರಡೂ ತೋಳಲ್ಲಿ ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟರು. ಅಷ್ಟು ದಪ್ಪಗಿದ್ದ ನನ್ನನ್ನು! ತಮ್ಮನಿಗೆ ಫೋನ್ ಮಾಡಿದರು, ಮಂಡಳಿಯವರಿಗೆಲ್ಲ ಹೇಳಿದರು, ಹಾಲಿನವನಿಗೂ ಹೇಳಿದರು.

ಅದಾದ ಮೇಲೆ ಸರ್ ಒಬ್ಬರೇ ಕೂತು ಅಂಕಿಗಳನ್ನು ಮತ್ತೆ ಮತ್ತೆ ನೋಡತೊಡಗಿದರು. ಒಂದು ದಿನ ನನ್ನನ್ನು ಕರೆದರು.

"ಯಾಕೋ ಸರಿ ಕಾಣ್ತಿಲ್ಲ ಕಣಮ್ಮ. ಸಕ್ಕರೇನೇ ಹಾಕದೆ ಇಟ್ಟಿದ್ಯಲ್ಲ, ಆ ತಟ್ಟೆ ನೋಡು. ಅಲ್ಲೂ ಇನ್ಸುಲಿನ್ ಸುರೀತಿದೆ."

ಸಕ್ಕರೆ ಇದ್ದಾಗ ಇನ್ಸುಲಿನ್ ಸುರಿಸುವುದು ಜೀವಕೋಶದ ಧರ್ಮ. ಸಕ್ಕರೆಯೇ ಇಲ್ಲದಾಗಲೂ ಸುರಿಸಿದರೆ ರಕ್ತದಲ್ಲಿ ಇರುವ ಸ್ವಲ್ಪ ಸಕ್ಕರೆಯೂ ಬರಿದಾಗಿ ಮನುಷ್ಯ ಕುಸಿಯುತ್ತಾನೆ. ನಲ್ಲಿಯ ಹತ್ತಿರ ಬಿದ್ದಿದ್ದ ಬಿಂದಿಗೆ ನನ್ನ ಕಣ್ಣ ಮುಂದೆ ಬಂತು. ಪುಡಿಯಲ್ಲಿ ಏನೇನಿದೆ ಎಂದು ಬೇರ್ಪಡಿಸಿ ತೋರಿಸುವ ಯಂತ್ರಕ್ಕೆ ಅದರ ಸತ್ವ ಹಾಕಿದೆವು. ಗಿಡದ ಸತ್ವ ಹಾಕಿದರೆ ಪರದೆಯ ಮೇಲೆ ಸಾಲುಸಾಲು ಗುಡ್ಡಗಳು ಮೂಡುತ್ತವೆ, ಗಿಡದಲ್ಲಿ ನೂರೆಂಟು ಪದಾರ್ಥ ಇರುತ್ತದಲ್ಲ. ಇಲ್ಲೂ ಗುಡ್ಡಗಳು ಮೂಡಿದವು. ಅವುಗಳ ಮಧ್ಯದಿಂದ ಒಂದೇ ಒಂದು ಗೆರೆ ಸೂಜಿಯ ಹಾಗೆ ನೆಟ್ಟಗೆ ಮೇಲೆದ್ದು ಪರದೆಯ ತುದಿ ಮುಟ್ಟಿತು. ಸರ್ ಮೆಡಿಕಲ್ ಸ್ಟೋರಿನಿಂದ ಸಕ್ಕರೆ ಕಾಯಿಲೆಯ ಹಳೆಯ ಬಗೆಯ ಮಾತ್ರೆಯೊಂದನ್ನು ತರಿಸಿದರು, ಸಕ್ಕರೆ ಇರಲಿ ಬಿಡಲಿ ಇನ್ಸುಲಿನ್ ಸುರಿಸುವಂಥದ್ದು. ಅದನ್ನು ಕರಗಿಸಿ ಹಾಕಿದೆವು. ಸೂಜಿ ಅದೇ ಜಾಗದಲ್ಲಿ ಎದ್ದಿತು. ಒಂದರ ಮೇಲೊಂದು ಇಟ್ಟು ನೋಡಿದರೆ ಎರಡೂ ಒಂದೇ ಗೆರೆ.

ಪತ್ತೆ ಹಚ್ಚಿದೆವು ಎಂಬ ಹುರುಪು ನನ್ನಲ್ಲಿ ಇರಲಿಲ್ಲವೆಂದರೆ ಸುಳ್ಳಾಗುತ್ತದೆ... ಆದರೆ ಸಂಜೆ ಬಸ್ಸಿಳಿದವಳು ಅವತ್ತು ಓಡಲಿಲ್ಲ.

ಆಂಟಿ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕ ಕೂತು, ನಾನೂ ನಾಲ್ಕು ಕಾಯಿ ಸುಲಿದು, ಹೇಳಿದೆ. ಅವರ ಬೆರಳು ನಿಂತವು. "ನಿಮ್ ಮಿಷನ್ನೇ ಕೆಟ್ಟಿರ್ಬೇಕು" ಎಂದರು. ಆಮೇಲೆ, ಗಿಡದಲ್ಲೇ ಅಂಥದ್ದು ಯಾಕಿರಬಾರದು ಎಂದು ಕೇಳಿದರು. ನಾನು ಏನೋ ಹೇಳಲು ಹೋದೆ. ಅವರು ತಡೆದು, "ನಂಗ್ ತೋರ್ಸು. ನಾಳೆ ನಾನೇ ಬರ್ತೀನಿ" ಎಂದರು.

ಅಂಕಲ್ಲಿನ ಸ್ಕೂಟರಿನ ಹಿಂದೆ ಕೂತು, ರೇಷ್ಮೆ ಸೀರೆ ಉಟ್ಟು, ತಲೆಗೆ ಹೂ ಮುಡಿದು ಆಂಟಿ ನಮ್ಮ ಲ್ಯಾಬಿಗೆ ಬಂದರು. ಸೂಕ್ಷ್ಮದರ್ಶಕದಲ್ಲಿ ಮೊದಲ ಬಾರಿ ಜೀವಕೋಶ ನೋಡಿ, ಬಂದ ಕೆಲಸವನ್ನೇ ಮರೆತು, "ಅಯ್ಯೋ, ರಂಗೋಲಿ ಚುಕ್ಕಿ ಇಟ್ಟಂಗಿವೆ!" ಎಂದು ಅಂಕಲ್ಲನ್ನು ಎಳೆದು ತೋರಿಸಿದರು. ಆಮೇಲೆ ಸರ್ ಪರದೆ ತೋರಿಸಿದರು. ಆಂಟಿಯ ಪ್ರಶ್ನೆಗೆ ಉತ್ತರವಾಗಿ ನಮ್ಮ ಕಾಂಪೌಂಡಿನ ಬಳ್ಳಿಯ ಎಲೆ, ನೇರಳೆ ಬೀಜ, ಮೆಂತ್ಯ, ಅಮೃತಬಳ್ಳಿ ಎಲ್ಲವನ್ನೂ ಬೇರೆಬೇರೆಯಾಗಿ ಯಂತ್ರಕ್ಕೆ ಹಾಕಿ ನೋಡಿದ್ದರು. ಎಲ್ಲದರಲ್ಲೂ ಗುಡ್ಡಗಳಿದ್ದವು. ಸೂಜಿ ಯಾವುದರಲ್ಲೂ ಇರಲಿಲ್ಲ. ಆಂಟಿ ಪರದೆಯ ಹತ್ತಿರ ಮುಖ ತಂದು ಒಂದೊಂದನ್ನೂ ನೋಡಿದರು, ಮತ್ತೆ ಮೊದಲಿನಿಂದ ನೋಡಿದರು. ಹೊರಡುವಾಗ ನನ್ನ ಹತ್ತಿರ ಇಷ್ಟೇ ಹೇಳಿದರು. "ಭಾನುವಾರ ಅವನು ಊಟಕ್ಕೆ ಬರ್ತಾನೆ. ನೀನೂ ಇರು."

ಭಾನುವಾರ ಹಿತಕಿದ ಅವರೆಬೇಳೆ ಸಾರು, ಅಕ್ಕಿರೊಟ್ಟಿ. ತಮ್ಮನಿಗೆ ಪ್ರೀತಿಯ ಅಡುಗೆ. ಅವರು ಲವಲವಿಕೆಯಿಂದಲೇ ಬಂದರು, ಲ್ಯಾಬಿನ ಸುದ್ದಿ ಕೇಳಿದ ಖುಷಿಯಲ್ಲಿದ್ದರು. ತಟ್ಟೆಯ ಮುಂದೆ ಕೂತಾಗ ಆಂಟಿ ಪುಡಿ ಡಬ್ಬಿ, ಚಮಚ, ಒಂದು ಲೋಟ ನೀರು ತಂದು ಮುಂದಿಟ್ಟರು.

"ಊಟಕ್ ಮುಂಚೆ ತಗೋ."

"ನಂಗ್ಯಾಕಕ್ಕ? ನಂಗೇನ್ ಶುಗರ್ ಇದ್ಯಾ?"

"ಇಲ್ದಿದ್ರೇನು? ಬರೀ ಸೊಪ್ಪಿನ ಪುಡಿ, ಯಾರ್ ತಿಂದ್ರೂ ಒಳ್ಳೇದೇ ಅಂತ ನೀನೇ ಹೇಳಿದ್ಯಲ್ಲ. ತಿನ್ನು."

ತಮ್ಮ ನಕ್ಕರು. ಚಮಚ ತುಂಬಿಸಿ ಬಾಯಿಯ ಹತ್ತಿರದವರೆಗೂ ತಂದರು. ಅಂಕಲ್ ಕಡೆ ನೋಡಿದರು, ನನ್ನ ಕಡೆ ನೋಡಿದರು. ಚಮಚವನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಇಟ್ಟುಬಿಟ್ಟರು.

"ಆ ವ್ಯಾಪಾರಿ ಸ್ವಲ್ಪ ಏನೋ ಸೇರ್ಸಿ ಕೊಡ್ತಾನಕ್ಕ. ಬೇಗ ಗುಣ ಕಾಣ್ಲಿ ಅಂತ. ಎಲ್ರೂ ಹಂಗೇ ಮಾಡೋದು..."

"ಮೊನ್ನೆ ನಲ್ಲಿ ಹತ್ರ ನಾನ್ ಬಿದ್ನಲ್ಲ. ಆಗ್ಲೂ ನಿಂಗ್ ಗೊತ್ತಿತ್ತಾ?"

ಅವರು ಡಬ್ಬಿಯ ಮುಚ್ಚಳ ಮುಚ್ಚಿದರು. ಆಂಟಿ ರೊಟ್ಟಿ ಬಡಿಸಿ, ಸಾರು ಹಾಕಿ, "ಊಟ ಮಾಡ್ಕೊಂಡ್ ಹೋಗು" ಎಂದರು. ತಮ್ಮ ಮುಟ್ಟದೆ ಎದ್ದು ಹೋದರು. ಆ ಎಲ್ಲ ಹೊತ್ತಿನಲ್ಲಿ ಆಂಟಿಯ ದನಿ ಒಂದು ಬಾರಿಯೂ ಏರಲಿಲ್ಲ. ಗೇಟು ಹಾಕಿದ ಸದ್ದು ಕೇಳಿದ ಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು. ಅಂಕಲ್ ಹಿಂದೆಯೇ ಹೋದರು.

ಅತ್ತು ಮಲಗುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ತರಕಾರಿ ಚೀಲ ಹಿಡಿದು ಹೊರಬಂದರು. "ನಡಿಯೇ" ಎಂದರು. ಮನೆಮನೆಗೂ ಹೋದೆವು. ನಾನೇ ಕೊಟ್ಟದ್ದು, ನಾನೇ ವಾಪಸ್ ತೆಗೆದುಕೊಂಡು ಹೋಗುತ್ತಿದ್ದೇನೆ ಎಂದು ಮೊದಲು ಹೇಳಿ, ಆಮೇಲೆ ಯಾಕೆಂದು ಹೇಳುತ್ತಿದ್ದರು. ತಮ್ಮನ ಹೆಸರನ್ನು ಮುಚ್ಚಿಡಲಿಲ್ಲ. ಮೊದಲ ಮನೆಯಲ್ಲಿ ಎರಡೇ ಮಾತಿನಲ್ಲಿ ಮುಗಿಸಿದರು. ಎರಡು ಮನೆ ದಾಟುವ ಹೊತ್ತಿಗೆ ವಿಷಯವೇ ಅವರನ್ನು ಹಿಡಿದುಕೊಂಡಿತು. ಗೋಡೆಯ ಮೇಲೆ ಬೆರಳಲ್ಲಿ ಗುಡ್ಡ ಬರೆದು, ಮಧ್ಯದಲ್ಲಿ ಸೂಜಿ ಎಳೆದು, "ಗಿಡದ್ದಾಗಿದ್ರೆ ಹಿಂಗ್ ಬರ್ತಿರ್ಲಿಲ್ಲ ಕಣ್ರೀ" ಎಂದು ಉತ್ಸಾಹದಿಂದ ವಿವರಿಸತೊಡಗಿದರು. ಒಬ್ಬಾಕೆ ಮಾತ್ರ, ತನಗೆ ಚೆನ್ನಾಗೇ ಆಗಿದೆ, ಕೊಡುವುದಿಲ್ಲ ಎಂದು ಹಟ ಹಿಡಿದರು. ಆಂಟಿ ಅವರ ಬಾಗಿಲಲ್ಲೇ ಚೀಲ ಇಟ್ಟುಕೊಂಡು ಕೂತರು. ಬಿದ್ದಾಗ ತನಗೆ ಗಂಡನ ಮುಖವೂ ಗುರುತು ಸಿಗಲಿಲ್ಲ ಎಂದು ನಿಧಾನವಾಗಿ ಹೇಳಿದರು. ಸ್ವಲ್ಪ ಹೊತ್ತಿಗೆ ಆಕೆಯೇ ಒಳಗಿನಿಂದ ಡಬ್ಬಿ ತಂದು ಚೀಲಕ್ಕೆ ಹಾಕಿ, ಆಂಟಿಯ ಪಕ್ಕದಲ್ಲಿ ಕೂತರು.

ಎಲ್ಲರನ್ನೂ ಆಂಟಿಯೇ ಗುಂಪು ಕಟ್ಟಿಕೊಂಡು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸರ್ ಔಷಧ ನಿಯಂತ್ರಣ ಕಚೇರಿಗೆ ತಿಳಿಸುವ ಮೊದಲು ಆಂಟಿ ತಮ್ಮನಿಗೆ ಫೋನ್ ಮಾಡಿ, ಆ ವ್ಯಾಪಾರಿ ಯಾರೆಂದು ನೀನೇ ಹೋಗಿ ಹೇಳು ಎಂದರು. ಅವರು ಹೋಗಿ ಹೇಳಿದರು. ಆದರೆ ಅಕ್ಕನ ಮನೆಗೆ ಬರಲಿಲ್ಲ. ಆ ವರ್ಷದ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಆಂಟಿ ಪೂಜೆ ಮುಗಿಸಿ ಬಹಳ ಹೊತ್ತು ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಮುಂದಿನ ಗೌರಿಗೆ ತಮ್ಮ ಮೊರದ ಬಾಗಿನ ಹಿಡಿದು ಗೇಟಿನ ಹೊರಗೆ ನಿಂತಿದ್ದರು, ಒಳಗೆ ಬರಲು ಧೈರ್ಯವಿಲ್ಲದೆ. ಆಗ ಅವರು ಯಾವುದೋ ಕಂಪನಿಯ ಬಸ್ಸು ಓಡಿಸುತ್ತಿದ್ದರು. ಆಂಟಿ ಓಡಿಹೋಗಿ ಗೇಟು ತೆಗೆದು, "ಬಿಸಿಲಲ್ಲಿ ಯಾಕೋ ನಿಂತಿದೀಯ" ಎಂದು ಕೈಹಿಡಿದು ಎಳೆದುಕೊಂಡು ಬಂದರು. ಪುಡಿಯ ಮಾತು ಆ ಮನೆಯಲ್ಲಿ ಮತ್ತೆ ಬಂದದ್ದು ನಾನು ಕೇಳಲಿಲ್ಲ.

ಎಲೆಯ ಮಾತು ಮಾತ್ರ ನಿಲ್ಲಲಿಲ್ಲ. ಕಲಬೆರಕೆ ಗೊತ್ತಾಯಿತು, ಅಸಲಿ ಎಲೆ ಏನು ಮಾಡುತ್ತದೆ ಎಂದು ಇನ್ನೂ ಗೊತ್ತಾಗಿಲ್ಲವಲ್ಲ, ಅದನ್ನು ಯಾವಾಗ ನೋಡುತ್ತೀರಿ ಎಂದು ನನ್ನನ್ನು ಕಾಡಿದರು. ಸರ್ ಸಿಕ್ಕಾಗ ಅವರನ್ನೂ ಕಾಡಿದರು. ನಾನು ಎಲೆಕ್ಟ್ರಾನಿಕ್ ಸಿಟಿಯ ಕಡೆ ಇನ್ನೊಂದು ಗಿಡಮೂಲಿಕೆ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಸಿಂಗಸಂದ್ರಕ್ಕೆ ಮನೆ ಬದಲಾಯಿಸಿದ ಮೇಲೂ ಫೋನ್ ಬರುತ್ತಿತ್ತು. ಕ್ಷೇಮ ಸಮಾಚಾರ ಆಮೇಲೆ. ಮೊದಲು, "ಎಲ್ಲೀವರ್ಗೂ ಬಂತೇ?"

ಹಾಗೆ ಕೇಳುತ್ತ ಕೇಳುತ್ತಲೇ ಒಂದು ಬೆಳಿಗ್ಗೆ ಆಂಟಿ ಹೋಗಿಬಿಟ್ಟರು. ನಿದ್ದೆಯಲ್ಲೇ ಹೃದಯ ನಿಂತಿತ್ತಂತೆ. ನಾನು ಊರಿನ ಆ ತುದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು... ಮುಖ ನೋಡಲು ಸಿಗಲಿಲ್ಲ.

ಈಗ ಬಂದ ಎಲೆಯಲ್ಲಿ ನಮ್ಮ ಪ್ರಯೋಗ ಮತ್ತೆ ನಡೆಯಿತು. ಈ ಹೊಸ ಲ್ಯಾಬಿನಲ್ಲಿ ಮೊದಲು ಎರಡು ಬಾರಿ ಬೇರೆ ಮೂಟೆಗಳ ಎಲೆಯಲ್ಲಿ ಕಂಡದ್ದೇ ಈ ಬಾರಿಯೂ ಕಂಡಿತು, ಇನ್ನು ಆಕಸ್ಮಿಕ ಎನ್ನುವಂತಿಲ್ಲ. ಸಕ್ಕರೆ ಇದ್ದ ತಟ್ಟೆಯಲ್ಲಿ ಜೀವಕೋಶಗಳು ಸ್ವಲ್ಪ ಹೆಚ್ಚು ಇನ್ಸುಲಿನ್ ಸುರಿಸಿದವು, ಸಕ್ಕರೆ ಇಲ್ಲದ ತಟ್ಟೆಯಲ್ಲಿ ಸುಮ್ಮನಿದ್ದವು. ಇದು ತಟ್ಟೆಯೊಳಗಿನ ಮಾತು. ಮನುಷ್ಯರ ಮೈಯಲ್ಲಿ ಏನಾಗುತ್ತದೋ ತಿಳಿಯಲು ಇನ್ನೂ ಎಷ್ಟೋ ದಾರಿ ಇದೆ. ಆದರೂ ನನಗೆ ತುಂಬ ಸಂತೋಷವಾಯಿತು. ಲ್ಯಾಬಿನವರೆಲ್ಲ ಕೇಕೆ ಹಾಕಿದರು. ನಾನು ಹೊರಗೆ ಬಂದು ಅಂಕಲ್ಲಿಗೆ ಫೋನ್ ಮಾಡಿದೆ. ಅವರೀಗ ಮಗಳ ಮನೆಯಲ್ಲಿದ್ದಾರೆ, ಕಿವಿ ಮಂದ. ಎಲ್ಲವನ್ನೂ ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಅವ್ಳಿದ್ದಿದ್ರೆ ಇಷ್ಟೊತ್ತಿಗೆ ಇಡೀ ಬೀದಿಗೆ ಗೊತ್ತಾಗಿರೋದು ಕಣಮ್ಮ" ಎಂದರು.

ಹೌದು ಅಂಕಲ್ ಎಂದೆ. ಆಮೇಲೂ ಫೋನನ್ನು ಇಬ್ಬರೂ ಇಡಲಿಲ್ಲ.